ಒಳಗೆ ಹೋಗಿ ನೋಡದೆ

ಮುಳ್ಳೇರಿಯ
ಕಾಸರಗೋಡು ಜಿಲ್ಲೆ
9 ಫೆಬ್ರವರಿ 2025

ಪ್ರೀತಿಯ ರಿಝ್ವಾನಾ,

ಹೇಗಿದ್ದಿ ಅಂತ ಕೇಳುವುದು ಆಮೇಲೆ. ಮೊದಲು ಇದೊಂದು ಹೇಳು. ನಿಮ್ಮ ತಿರುವನಂತಪುರದ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಈ ಬಾವಿ ಮುಚ್ಚುವ ಆದೇಶ ಬರೆದ ಪುಣ್ಯಾತ್ಮ ಯಾರು? ಗಂಡಸೋ ಹೆಂಗಸೋ ನನಗೆ ಗೊತ್ತಿಲ್ಲ. ತಲೆಯಲ್ಲಿ ಮೆದುಳಿನ ಬದಲು ತೌಡು ತುಂಬಿದೆ ಅಂತ ಮಾತ್ರ ಗೊತ್ತುಂಟು.

ಫೋನು ಮಾಡಬಹುದಿತ್ತಲ್ಲ ಟೀಚರ್ ಅಂತ ನೀನು ಹೇಳ್ತಿ. ಎರಡು ಕಿವಿಗೂ ಮಿಶನು ಹಾಕಿದ ಮೇಲೆ ಫೋನಿನಲ್ಲಿ ನನಗೆ ಕೇಳುವುದು ಬರೀ ಜೀರುಂಡೆ. ಹಾಗಾಗಿ ಕಾಗದ. ನಿಮಗೆಲ್ಲ ಅಷ್ಟು ವರ್ಷ ಕನ್ನಡ ಕಲಿಸಿದ್ದು ಮತ್ತೆ ಎಂತಕ್ಕೆ? ನಿನ್ನ ಮನೆಯಲ್ಲಿ ಬ್ಯಾರಿ, ನನ್ನ ಮನೆಯಲ್ಲಿ ಕೊಂಕಣಿ. ನಮಗಿಬ್ಬರಿಗೆ ಜಗಳ ಆಡಲಿಕ್ಕೆ ಇರುವುದು ಇದೊಂದೇ ಭಾಷೆ.

ವಿಷಯ ಇಷ್ಟು. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಬಟ್ಯಣ್ಣನ ಸುರಂಗ ಉಂಟು. ಬಟ್ಯಣ್ಣ ನನ್ನ ನೆರೆಯವ, ಎಪ್ಪತ್ತೆರಡು ವರ್ಷ, ಗುಡ್ಡ ಕೊರೆದು ನೀರು ತರುವುದೇ ಅವನ ಕಸುಬು. ಆ ಸುರಂಗದ ನೀರು ಏಳು ಮನೆಗೆ ಬರ್ತದೆ, ನನ್ನದೂ ಒಂದು. ಇಲ್ಲಿ ಬಾವಿ ತೋಡಿದರೆ ಪಾತಾಳ ಸಿಕ್ಕೀತು, ನೀರು ಸಿಗುವುದಿಲ್ಲ. ಬೋರ್‌ವೆಲ್ ಎರಡು ಸಲ ಕೊರೆಸಿ ನೋಡಿಯಾಯಿತು, ಬಂದದ್ದು ಕೆಂಪು ಧೂಳು.

ಮೊನ್ನೆ ಪಂಚಾಯತಿನಿಂದ ಬಟ್ಯಣ್ಣನಿಗೆ ನೋಟೀಸು ಬಂತು. ಉಪಯೋಗವಿಲ್ಲದೆ ಬಿಟ್ಟ ಬಾವಿ, ಗುಂಡಿ, ಸುರಂಗಗಳನ್ನು ಮಣ್ಣು ತುಂಬಿಸಿ ಮುಚ್ಚಬೇಕಂತೆ, ಮಕ್ಕಳು ಬೀಳದ ಹಾಗೆ. ಆ ಪಟ್ಟಿಯಲ್ಲಿ ಈ ಸುರಂಗವೂ ಸೇರಿದೆ! ಮಾರ್ಚ್ 25ರ ಒಳಗೆ ಅವನು ಮುಚ್ಚದಿದ್ದರೆ ಜೆಸಿಬಿ ಬರ್ತದಂತೆ. ಏಳು ಮನೆಯವರು ಕುಡಿಯುವ ನೀರು ಉಪಯೋಗವಿಲ್ಲದ್ದು ಹೇಗಾಯಿತು? ಬಟ್ಯಣ್ಣನನ್ನು ಕೇಳಿದರೆ "ಸರ್ವೆಯವರಿಗೆ ನಾನು ಸತ್ಯವೇ ಹೇಳಿದ್ದು ಟೀಚರ್" ಅಂತ ನೆಲ ನೋಡ್ತಾನೆ. ಊಟ ಸರಿಯಾಗಿ ಮಾಡುವುದಿಲ್ಲ ಅಂತ ಅವನ ಸೊಸೆ ಹೇಳಿದಳು.

ನೀನು ಅದೇ ಇಲಾಖೆಯಲ್ಲಿ ಇರುವವಳು. ಆ ತೌಡಿನ ತಲೆಯನ್ನು ಹುಡುಕಿ ಎರಡು ಮಾತು ಕೇಳು.

ಆಶೀರ್ವಾದಗಳೊಂದಿಗೆ,
ಜೋಸ್ಫಿನ್ ಟೀಚರ್


ತಿರುವನಂತಪುರ
16 ಫೆಬ್ರವರಿ 2025

ಮಾನ್ಯ ಟೀಚರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ನಿಮ್ಮ ಅಕ್ಷರ ಇವತ್ತಿಗೂ ಕರಿಹಲಗೆಯ ಮೇಲಿದ್ದ ಹಾಗೆಯೇ ಇದೆ.

ನೀವು ಹೇಳಿದ ಆದೇಶ ನಮ್ಮ ಇಲಾಖೆಯಿಂದಲೇ ಹೊರಟದ್ದು. ದಯವಿಟ್ಟು ಅದನ್ನು ಕೆಟ್ಟದ್ದು ಎಂದು ತಿಳಿಯಬೇಡಿ. ಒಂದು ದುರ್ಘಟನೆಯ ನಂತರ, ತುಂಬಾ ಅವಸರದಲ್ಲಿ, ಒಳ್ಳೆಯ ಉದ್ದೇಶದಿಂದ ಮಾಡಿದ ಆದೇಶ ಅದು. ಇಡೀ ರಾಜ್ಯಕ್ಕೆ ಒಂದೇ ನಿಯಮ ಇರುವುದರಿಂದ ಕೆಲವು ಕಡೆ ಇಂತಹ ತೊಂದರೆ ಬರುವುದುಂಟು.

ಸರ್ವೆಯ ನಮೂನೆ ನೋಡಿದೆ. ಅದರಲ್ಲಿ "ನೀರು ಎತ್ತುವ ವಿಧಾನ" ಎಂಬಲ್ಲಿ ಮೂರು ಚೌಕಗಳಿವೆ: ಮೋಟಾರು, ಕೈಪಂಪು, ರಾಟೆ. ಮೂರಕ್ಕೂ ಗುರುತು ಹಾಕದಿದ್ದರೆ ಕಂಪ್ಯೂಟರು ಅದನ್ನು ತಾನಾಗಿಯೇ ಉಪಯೋಗವಿಲ್ಲದವುಗಳ ಪಟ್ಟಿಗೆ ಸೇರಿಸುತ್ತದೆ. ಬಟ್ಯಣ್ಣನವರ ಬಾವಿಗೂ ಹೀಗೆಯೇ ಆಗಿರಬೇಕು. ಆದ್ದರಿಂದ ನನ್ನ ಸಲಹೆ: ಅರ್ಧ ಎಚ್‌ಪಿಯ ಒಂದು ಸಣ್ಣ ಮೋಟಾರು ಇಡಿಸಿ, ಅದರ ಫೋಟೋ ತೆಗೆದು, ಪುನಃ ಪರಿಶೀಲಿಸುವಂತೆ ಪಂಚಾಯತಿಗೆ ಅರ್ಜಿ ಕೊಡಿ. ಅಷ್ಟು ಸಾಕು.

ಆದೇಶದ ಕನ್ನಡ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಬರೆದವರು ಯಾರೆಂದು ಕೇಳಿದ್ದೀರಿ. ಇಂತಹ ಆದೇಶಗಳು ಹಲವು ಮೇಜುಗಳನ್ನು ದಾಟಿ ಬರುತ್ತವೆ ಟೀಚರ್, ಒಬ್ಬರು ಬರೆದದ್ದು ಎನ್ನಲಾಗುವುದಿಲ್ಲ.

ನಿಮ್ಮ ವಿದ್ಯಾರ್ಥಿನಿ,
ರಿಝ್ವಾನಾ


ಮುಳ್ಳೇರಿಯ
21 ಫೆಬ್ರವರಿ 2025

ಪ್ರೀತಿಯ ರಿಝ್ವಾನಾ,

ಮೋಟಾರು! ದೇವರೇ, ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳಲಿಕ್ಕೆ ಹೇಳ್ತಿಯಲ್ಲ ಮಾರಾಯ್ತಿ! ಅಲ್ಲಿ ಇರುವುದು ಪಾದ ಮುಳುಗುವಷ್ಟು ನೀರು. ಮೋಟಾರು ಇಟ್ಟರೆ ಮಣ್ಣೆಲ್ಲ ಕಲಕಿ ಎರಡು ದಿನದಲ್ಲಿ ಎಲ್ಲ ಮುಗಿಯಿತು. ತಪ್ಪು ನಿನ್ನದಲ್ಲ. ಕುಂಬಳೆಯ ಕಡಲ ಬದಿಯ ಹುಡುಗಿ, ಅಜ್ಜಿಮನೆಯಲ್ಲಿ ಇದ್ದುಕೊಂಡು ಇಲ್ಲಿ ನಾಲ್ಕು ವರ್ಷ ಶಾಲೆಗೆ ಬಂದದ್ದು ಅಷ್ಟೆ. ಸುರಂಗ ನೀನು ಕಂಡವಳಲ್ಲ.

ಕೇಳು. ಸುರಂಗ ಅಂದರೆ ಬಾವಿ ಅಲ್ಲ. ಬಾವಿ ಕೆಳಗೆ ಹೋಗ್ತದೆ. ಸುರಂಗ ಗುಡ್ಡದ ಹೊಟ್ಟೆಯೊಳಗೆ ಅಡ್ಡಕ್ಕೆ ಹೋಗ್ತದೆ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ. ಒಳಗೆ ಕಲ್ಲಿನ ಎಡೆಯಿಂದ ಒಸರಿದ ನೀರು ನೆಲದ ಮೇಲೆ ಹರಿದು ತಾನೇ ಹೊರಗೆ ಬರ್ತದೆ. ಎತ್ತುವುದು ಬೇಡ, ಎಳೆಯುವುದು ಬೇಡ, ಕರೆಂಟು ಬೇಡ. ಹೊರಗೆ ಬಂದದ್ದು ಪೊದೆಯ ಆಚೆಯ ಟಾಂಕಿಗೆ ಬಿದ್ದು, ಅಲ್ಲಿಂದ ಪೈಪಿನಲ್ಲಿ ಏಳು ಮನೆಗೆ. ನಿಮ್ಮ ಮೂರು ಚೌಕದಲ್ಲಿ ಇದನ್ನು ಎಲ್ಲಿ ಇಡ್ತಿ ಹೇಳು.

ಬಟ್ಯಣ್ಣ ಅದನ್ನು ಕೊರೆಯಲಿಕ್ಕೆ ಶುರು ಮಾಡಿದ್ದು 1983ರಲ್ಲಿ. ಬೆಳಿಗ್ಗೆ ಕೂಲಿ, ಮಧ್ಯಾಹ್ನದ ಮೇಲೆ ಗುಡ್ಡ. ಅಗೆಯಲಿಕ್ಕೆ ಒಂದು ಪಿಕ್ಕಾಸು, ಮಣ್ಣು ಎಳೆಯಲಿಕ್ಕೆ ಒಂದು ಅಡಿಕೆ ಹಾಳೆ, ಮತ್ತೆ ಮೇಣದ ಬತ್ತಿ. ಬತ್ತಿ ನಂದಿದರೆ ಒಳಗೆ ಗಾಳಿ ಇಲ್ಲ ಅಂತ ಲೆಕ್ಕ, ಕೂಡಲೇ ಹೊರಗೆ ಬರಬೇಕು. ಇಗರ್ಜಿಯಲ್ಲಿ ಉರಿದು ಉಳಿದ ತುಂಡು ಬತ್ತಿಗಳನ್ನು ಪಾದ್ರಿಗಳಲ್ಲಿ ಕೇಳಿ ನಾನೇ ತಂದು ಕೊಡುತ್ತಿದ್ದೆ. ನಾಲ್ಕು ವರ್ಷ ಮಾರಾಯ್ತಿ! ಗುಡ್ಡದೊಳಗೆ ತೊಂಬತ್ತಾರು ಕೋಲು ಹೋದ. ಒಂದು ಕೋಲು ಎರಡೂವರೆ ಅಡಿ ಹತ್ತಿರ, ಗುಣಿಸಿ ನೋಡು. ಎಲ್ಲಿ ತಿರುಗಬೇಕು ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದರೆ "ಮಣ್ಣಿನ ವಾಸನೆ ಬದಲಾಯಿತು" ಅಂತಾನೆ. ನಾನು ಬಿ.ಎಡ್. ಮಾಡಿದವಳು. ಮಣ್ಣು ಮೂಸಿದರೆ ನನಗೆ ಸೀನು ಬರ್ತದೆ.

ಅವನು ಸರ್ವೆಯವರಿಗೆ ಹೇಳಿದ ಸತ್ಯ ಎಂತದ್ದು ಅಂತ ಕೊನೆಗೆ ಬಾಯಿ ಬಿಡಿಸಿದೆ. ಇಲ್ಲಿ ಒಂದು ಕ್ರಮ ಉಂಟು. ನೀರು ಸಿಕ್ಕಿದ ಮೇಲೆ ಸುರಂಗದೊಳಗೆ ಯಾರೂ ಕಾಲಿಡಬಾರದು. ಅದು ನೀರಿನ ಮನೆ. ವರ್ಷಕ್ಕೊಮ್ಮೆ ಪತ್ತನಾಜೆಯ ಮೊದಲು, ಮಳೆ ಹಿಡಿಯುವ ಮುಂಚೆ, ಅವನೊಬ್ಬ ಹೋಗಿ ಕೆಸರು ತೆಗೆದು ಬರ್ತಾನೆ. ಸರ್ವೆಗೆ ಬಂದ ಇಬ್ಬರು ಸುರಂಗದ ಬಾಯಿಯ ಎದುರು ನಿಂತು ಕೇಳಿದರಂತೆ, "ಇದರೊಳಗೆ ಯಾರು ಹೋಗ್ತಾರೆ?" ಇವನು ಕೈಮುಗಿದು ಹೇಳಿದ್ದು, "ಯಾರೂ ಹೋಗುವುದಿಲ್ಲ, ಯಾರೂ ಮುಟ್ಟುವುದಿಲ್ಲ." ಅವರು ಬರೆದುಕೊಂಡು ಹೋದರು! ದೇವಸ್ಥಾನದ ಗರ್ಭಗುಡಿಗೆ ಯಾರೂ ಹೋಗುವುದಿಲ್ಲ ಅಂತ ಅದನ್ನು ಪಾಳು ಬಿದ್ದದ್ದು ಅಂತ ಬರೆಯುತ್ತಾರಾ?

ನೀನು ಕಳುಹಿಸಿದ ಆದೇಶ ಓದಿದೆ. ತೌಡಿನ ತಲೆಯಾದರೂ ಕನ್ನಡದಲ್ಲಿ ಒಂದು ತಪ್ಪಿಲ್ಲ. ಯಾವುದೋ ಒಳ್ಳೆಯ ಶಾಲೆಯಲ್ಲಿ ಕಲಿತದ್ದು. ಬಟ್ಯಣ್ಣನಿಗೆ ಓದಲಿಕ್ಕೆ ಬರುವುದಿಲ್ಲ. ತನ್ನ ಸುರಂಗದ ಬಗ್ಗೆ ಎಂತ ಬರೆದಿದ್ದಾರೆ ಅಂತ ಕೇಳಬೇಕಂತೆ. ಬರುವ ವಾರ ಓದಿ ಹೇಳ್ತೇನೆ, ತುಳುವಿನಲ್ಲಿ ಬಿಡಿಸಿ.

ಜೋಸ್ಫಿನ್ ಟೀಚರ್


ತಿರುವನಂತಪುರ
1 ಮಾರ್ಚ್ 2025

ಪ್ರೀತಿಯ ಟೀಚರ್,

ನಾಳೆಯಿಂದ ನೋಂಬು. ಸುಳ್ಳು ಇಟ್ಟುಕೊಂಡು ಉಪವಾಸ ಹಿಡಿಯಲಿಕ್ಕೆ ಮನಸ್ಸು ಬರುವುದಿಲ್ಲ.

ಆ ತೌಡಿನ ತಲೆ ನನ್ನದು. ಮಲಯಾಳದಲ್ಲಿ ಕರಡು ಬರೆದವಳು ನಾನು, ಕನ್ನಡ ಪ್ರತಿ ಮಾಡಿದವಳೂ ನಾನೇ. ಹಲವು ಮೇಜು ದಾಟಿತು ಅಂದದ್ದು ನಿಜ, ಆದರೆ ಆ ಮೇಜುಗಳಲ್ಲಿ ಬಿದ್ದದ್ದು ಬರೀ ಸಹಿ. ಮಾತು ನನ್ನದೇ. ಇದನ್ನು ಹೋದ ಪತ್ರದಲ್ಲಿಯೇ ಬರೆಯಬೇಕಿತ್ತು. ನಿಮ್ಮ ಬೈಗುಳ ಕಂಡು ಹೆದರಿದೆ. ನನಗೆ ಮೂವತ್ತಾರು ವರ್ಷ ಟೀಚರ್, ಈಗಲೂ ಹೆದರಿದೆ.

ಯಾಕೆ ಹಾಗೆ ಬರೆದೆ ಅಂತ ಹೇಳ್ತೇನೆ. ಎರಡು ವರ್ಷದ ಹಿಂದೆ ನನ್ನ ಮೇಜಿಗೆ ಒಂದು ಕಡತ ಬಂತು. ತೆಂಕಣದ ಒಂದು ಜಿಲ್ಲೆ. ನಾಲ್ಕು ವರ್ಷದ ಹುಡುಗಿ, ಯಾರೋ ತೋಡಿ ಬಿಟ್ಟುಹೋದ ಗುಂಡಿ, ಮೇಲೆ ಹುಲ್ಲು ಬೆಳೆದಿತ್ತು. ಕಡತದಲ್ಲಿ ಒಂದು ಚಿತ್ರ, ಗುಂಡಿಯ ಅಂಚಿನಲ್ಲಿ ಒಂದೇ ಚಪ್ಪಲಿ, ನೀಲಿ ಬಣ್ಣದ್ದು. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಅವತ್ತು ಊಟದ ಹೊತ್ತಿಗೆ ಎದ್ದು ಹೋಗದೆ ಕೂತು ಬರೆದೆ.

ಹಳೆಯ ಕರಡಿನಲ್ಲಿ ಒಂದು ವಾಕ್ಯ ಇತ್ತು: "ಸ್ಥಳೀಯ ಪರಿಸ್ಥಿತಿ ನೋಡಿ ವಿನಾಯಿತಿ ಕೊಡಬಹುದು." ಅದನ್ನು ನನ್ನ ಕೈಯಾರೆ ಹೊಡೆದುಹಾಕಿದೆ. ವಿನಾಯಿತಿ ಅಂತ ಒಂದು ಕಿಂಡಿ ಬಿಟ್ಟರೆ ಇನ್ನೊಂದು ಮಗು ಬೀಳುವುದು ಅದರೊಳಗೇ ಅಂತ ಅನಿಸಿತು. ಎಲ್ಲಿಯೂ ಯಾರೂ ತಪ್ಪಿಸಿಕೊಳ್ಳಬಾರದು. ಹಾಗೆ ಬರೆದದ್ದಕ್ಕೆ ನನಗೆ ಹೆಮ್ಮೆಯಿತ್ತು. ಹೆಮ್ಮೆ ಇವತ್ತಿಗೂ ಪೂರ್ತಿ ಹೋಗಿಲ್ಲ, ಅದನ್ನೂ ಹೇಳಿಬಿಡ್ತೇನೆ.

ಆದರೆ ಆ ಮೂರು ಚೌಕ ಹಾಕಿದವಳೂ ನಾನೇ. ನೀರು ತಾನಾಗಿ ಹೊರಗೆ ಬರುವ ಜಾಗ ಭೂಮಿಯ ಮೇಲೆ ಉಂಟು ಅಂತ ಯೋಚನೆಯೇ ಬರಲಿಲ್ಲ. ಅದೂ ನಾನು ಕಲಿತ ಊರಿನ ಗುಡ್ಡದಲ್ಲಿ!

ಬೈದು ಬರೆಯಿರಿ. ಬರೆಯದೆ ಮಾತ್ರ ಇರಬೇಡಿ.

ನಿಮ್ಮ ರಿಝ್ವಾನಾ


ಮುಳ್ಳೇರಿಯ
2 ಮಾರ್ಚ್ 2025

ರಿಝ್ವಾನಾ,

ಎಂತ ಮಾಡುವುದು ಅಂತ ತೋಚುವುದಿಲ್ಲ. ಅವಸರದಲ್ಲಿ ಗೀಚುತ್ತಾ ಇದ್ದೇನೆ, ಅಕ್ಷರ ಸೊಟ್ಟಗಾದರೆ ಹೊಂದಿಸಿಕೊಂಡು ಓದು.

ನಿನ್ನೆ ಸಂಜೆ ಬಟ್ಯಣ್ಣನಿಗೆ ಆದೇಶ ಓದಿದೆ. ಜಗಲಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೇಳಿದ. ನಾನು ಪ್ರತಿ ಸಾಲಿಗೂ ನಿಲ್ಲಿಸಿ, ತುಳುವಿಗೆ ತಿರುಗಿಸಿ, ನಡುನಡುವೆ ಬರೆದವರಿಗೆ ಬೈಗುಳವನ್ನೂ ಸೇರಿಸಿ ಓದಿದೆ. ಅವನು ಬೈಯಲಿಲ್ಲ. ಮುಗಿದ ಮೇಲೆ ಹೇಳಿದ, "ಟೀಚರ್, ಇದು ಬರೆದವರಿಗೆ ಒಂದು ಮಗು ಗೊತ್ತುಂಟು."

ಯಾವ ಮಗು ಬಟ್ಯಣ್ಣಾ, ಇದರಲ್ಲಿ ಯಾವ ಮಗುವಿನ ಹೆಸರೂ ಇಲ್ಲ ಅಂದೆ. "ಹೆಸರು ಇಲ್ಲ. ಆದರೆ ಸುಮ್ಮನೆ ಯಾರೂ ಇಷ್ಟು ಗಟ್ಟಿ ಬರೆಯುವುದಿಲ್ಲ. ಒಳಗೆ ಎಂತದೋ ಒಸರುತ್ತಾ ಉಂಟು" ಅಂದ. ಗುಡ್ಡಕ್ಕೆ ಕಿವಿ ಇಟ್ಟು ಕೇಳುವವನು ಕಾಗದಕ್ಕೂ ಕಿವಿ ಇಟ್ಟ ಹಾಗೆ! ಆ ಆದೇಶ ನಾನು ಆರು ಸಲ ಓದಿದ್ದೆ, ಇದು ನನಗೆ ಕಾಣಲಿಲ್ಲ.

ಆಮೇಲೆ ಅವನು ಹೇಳಿದ್ದು ನನಗೆ ಇಷ್ಟು ವರ್ಷದಲ್ಲಿ ಗೊತ್ತೇ ಇರಲಿಲ್ಲ. ಅವನಿಗೆ ಒಬ್ಬಳು ತಂಗಿ ಇದ್ದಳು. ಮೂರು ವರ್ಷದ್ದು. ಮುರಕಲ್ಲು ಕಡಿದು ಬಿಟ್ಟುಹೋದ ಕೋರೆಯ ಗುಂಡಿ, ಮಳೆನೀರು ತುಂಬಿತ್ತು, ಇವನು ಗೇರುಬೀಜ ಹೆಕ್ಕುತ್ತಾ ಬೆನ್ನು ಹಾಕಿ ನಿಂತಿದ್ದ. ಅಷ್ಟೆ. "ಈ ಕಾನೂನು ಆಗ ಇದ್ದಿದ್ದರೆ ಅವಳು ಈಗ ಅಜ್ಜಿ ಆಗಿರುತ್ತಿದ್ದಳು. ಸರಿಯಾದ ಕಾನೂನು ಟೀಚರ್. ನನ್ನ ಸುರಂಗಕ್ಕೂ ಬಾಯಿ ಉಂಟು. ನಾನೇ ಮುಚ್ಚುತ್ತೇನೆ. ಜೆಸಿಬಿ ಬೇಡ" ಅಂದ.

ಇವತ್ತು ಬೆಳಿಗ್ಗೆ ನೋಡಿದರೆ ಸುರಂಗದ ಬಾಯಿಯ ಹತ್ತಿರ ಕಲ್ಲು ತಂದು ಹಾಕ್ತಾ ಇದ್ದಾನೆ! ಅವನ ಮಗ, ಸೊಸೆ, ಮೇಲಿನ ಮನೆಯ ಪೂವಪ್ಪ, ಎಲ್ಲ ಹೇಳಿಯಾಯಿತು. ಕೇಳುವುದಿಲ್ಲ. ಸರಕಾರದ ಹತ್ತಿರ ಹೋರಾಡಬಹುದು ರಿಝ್ವಾನಾ, ಬಟ್ಯಣ್ಣನ ಹತ್ತಿರ ಹೇಗೆ ಹೋರಾಡುವುದು? ಆದೇಶ ಅವನಿಗೆ ಓದಿ ಹೇಳಿದವಳು ನಾನು. ನನಗೆ ಅಳು ಬರ್ತದೆ.

ಏನಾದರೂ ಮಾಡು. ಬೇಗ.

ಜೋಸ್ಫಿನ್


ತಿರುವನಂತಪುರ
7 ಮಾರ್ಚ್ 2025

ಟೀಚರ್,

ನಿಮ್ಮ ಪತ್ರ ಈಗ ಸಿಕ್ಕಿತು. ನನ್ನ ಒಂದನೇ ತಾರೀಕಿನ ಪತ್ರ ನಿಮಗೆ ಸಿಕ್ಕಿದೆಯೋ ಇಲ್ಲವೋ ಗೊತ್ತಿಲ್ಲ. ಸಿಕ್ಕಿದ್ದರೆ ಬಟ್ಯಣ್ಣ ಹೇಳಿದ ಮಗು ಯಾರೆಂದು ನಿಮಗೆ ಗೊತ್ತಾಗಿರುತ್ತದೆ.

ಹತ್ತು ಸಲ ಓದಿದೆ. ಆದೇಶವನ್ನು ಎಷ್ಟೋ ವಕೀಲರು, ಅಧಿಕಾರಿಗಳು ಓದಿದ್ದಾರೆ. ಯಾರಿಗೂ ಆ ಹುಡುಗಿ ಕಾಣಲಿಲ್ಲ. ಓದಲು ಬಾರದ ಒಬ್ಬರಿಗೆ, ಜಗಲಿಯಲ್ಲಿ ಕೂತು, ತುಳುವಿನಲ್ಲಿ ಕೇಳಿ ಕಂಡಳು. ನನಗೆ ಭಯವೇ ಆಯಿತು ಟೀಚರ್.

ಬಟ್ಯಣ್ಣನಿಗೆ ಹೇಳಿ: ಬರೆದವಳು ಬರುತ್ತಾಳೆ, ಅವಳು ಬರುವ ತನಕ ಒಂದು ಕಲ್ಲನ್ನೂ ಮೇಲೆ ಇಡಬಾರದು. ಹದಿನೈದಕ್ಕೆ, ಶನಿವಾರ, ಮುಳ್ಳೇರಿಯದಲ್ಲಿ ಇರುತ್ತೇನೆ.

ರಿಝ್ವಾನಾ


ಮುಳ್ಳೇರಿಯ
10 ಮಾರ್ಚ್ 2025

ಪ್ರೀತಿಯ ರಿಝ್ವಾನಾ,

ಎರಡು ಪತ್ರವೂ ಸಿಕ್ಕಿತು. ಮೊದಲನೆಯದು ಬಂದ ದಿನ ಬೈಯಲಿಕ್ಕೆ ಅಂತಲೇ ಪೆನ್ನು ಹಿಡಿದು ಕೂತೆ. "ಎಷ್ಟು ಧೈರ್ಯ ನಿನಗೆ" ಅಂತ ಬರೆದೆ. ಮುಂದೆ ಹೋಗಲಿಲ್ಲ. ಆ ನೀಲಿ ಚಪ್ಪಲಿ ಅಡ್ಡ ಬಂತು.

ತಪ್ಪು ನೀನು ಮಾಡಿದ್ದೀ. ಆ ಮೂರು ಚೌಕ ಹಾಕುವ ಮೊದಲು ಒಬ್ಬರನ್ನಾದರೂ ಕೇಳಬಹುದಿತ್ತು. ಆದರೆ ತೌಡು ಅಂದದ್ದನ್ನು ಹಿಂದೆ ತೆಗೆದುಕೊಂಡಿದ್ದೇನೆ. ಅರ್ಧ.

ಬಟ್ಯಣ್ಣ ಒಪ್ಪಿದ. ಬರೆದವರು ಬರುವುದಾದರೆ ಕಾಯುತ್ತೇನೆ ಅಂದ. ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಅಂತ ನಾನು ತಮಾಷೆ ಮಾಡಿದೆ, ಅವನು ನಗಲಿಲ್ಲ. "ಅವರನ್ನು ಒಳಗೆ ಕರಕೊಂಡು ಹೋಗ್ತೇನೆ" ಅಂದ. ನನ್ನನ್ನೇ ಒಮ್ಮೆಯೂ ಕರೆದವನಲ್ಲ!

ನಿನಗೆ ನೋಂಬು, ನನಗೆ ತಪಸ್ಸುಕಾಲ. ಊಟದ ಗಲಾಟೆ ಇಲ್ಲ, ಬಾ.

ಜೋಸ್ಫಿನ್ ಟೀಚರ್


ತಿರುವನಂತಪುರ
17 ಮಾರ್ಚ್ 2025

ಪ್ರೀತಿಯ ಟೀಚರ್,

ಮೊನ್ನೆ ಸುರಂಗದಿಂದ ಹೊರಗೆ ಬಂದಾಗ "ಎಂತ ಕಂಡಿ? ಎಂತ ಕಂಡಿ?" ಅಂತ ನೀವು ಮೂರು ಸಲ ಕೇಳಿದಿರಿ. ನನಗೆ ಬಾಯಿ ಬರಲಿಲ್ಲ. ನಿಮ್ಮ ಮೊಣಕಾಲಿಗೆ ಒಳಗೆ ಬರಲು ಆಗಲಿಲ್ಲ, ಆದ್ದರಿಂದ ಈಗ ಬರೆಯುತ್ತೇನೆ.

ಚಪ್ಪಲಿ ಹೊರಗೆ ಬಿಟ್ಟದ್ದು ನೀವು ನೋಡಿದಿರಿ. ಬಟ್ಯಣ್ಣ ಮುಂದೆ, ನಾನು ಹಿಂದೆ. ಹತ್ತು ಹೆಜ್ಜೆಗೆ ಸೆಕೆ ಹೋಯಿತು. ಕಾಲ ಕೆಳಗಿನ ನೀರು ಎಷ್ಟು ತಿಳಿ ಅಂದರೆ ಟಾರ್ಚು ಬಿಟ್ಟಾಗ ನೀರು ಉಂಟೋ ಇಲ್ಲವೋ ಅಂತ ಸಂಶಯ ಬಂತು. ಅವರು ಗೋಡೆಗೆ ಬೆಳಕು ಹಿಡಿದರು. ಪಿಕ್ಕಾಸಿನ ಗುರುತು, ಟೀಚರ್! ಎರಡೂ ಬದಿಗೆ, ಮೇಲೆ, ಒಂದರ ಪಕ್ಕ ಒಂದು. ನಿನ್ನೆ ಹೊಡೆದ ಹಾಗೆ ಇವೆ. ಎಣಿಸಲು ಹೋಗಿ ಮೊದಲ ಕೋಲಿನಲ್ಲಿಯೇ ಬಿಟ್ಟೆ. ಇದೆಲ್ಲ ಒಬ್ಬ ಮನುಷ್ಯನ ಎರಡು ಕೈ ಅಂತ ನಂಬಲಿಕ್ಕೆ ಆಗಲಿಲ್ಲ, ಆ ಕೈ ನನ್ನ ಮುಂದೆಯೇ ಟಾರ್ಚು ಹಿಡಿದುಕೊಂಡು ಹೋಗುತ್ತಿತ್ತು.

ಎಂಬತ್ತನೆಯ ಕೋಲಿನಲ್ಲಿ ಗಟ್ಟಿ ಪಾರೆಕಲ್ಲು ಅಡ್ಡ ಬಂದಿದೆ. ಅಲ್ಲಿ ಸುರಂಗ ಎಡಕ್ಕೆ ತಿರುಗುತ್ತದೆ. ತಿರುಗಿದ ಮೇಲೆ ಹಿಂದಿನ ಬೆಳಕು ಇಲ್ಲ. ಕೊನೆಗೆ ಒಂದು ಗೋಡೆ, ಗೋಡೆಯಲ್ಲಿ ಬೆರಳಿನಷ್ಟು ಸೀಳು, ಆ ಸೀಳಿನಿಂದ ನೀರು. ಬಟ್ಯಣ್ಣ ಟಾರ್ಚು ಆರಿಸಿ "ಕೇಳಿ" ಅಂದರು. ಅಷ್ಟು ಕತ್ತಲೆ ನಾನು ಕಂಡಿಲ್ಲ, ಅಷ್ಟು ಸಣ್ಣ ಶಬ್ದ ಯಾವತ್ತೂ ಕೇಳಿಲ್ಲ. ಈ ಶಬ್ದದಿಂದ ಏಳು ಮನೆಯಲ್ಲಿ ಅನ್ನ ಬೇಯುತ್ತದೆ. ನನ್ನ ಗಂಟಲು ನೋಂಬಿನಲ್ಲಿ ಒಣಗಿತ್ತು, ಪಾದ ನೀರಿನಲ್ಲಿತ್ತು, ಕುಡಿಯುವ ಹಾಗಿರಲಿಲ್ಲ. ಆಗ ನಾನು ಬರೆದ ವಾಕ್ಯ ನೆನಪಿಗೆ ಬಂತು: "ಮಣ್ಣು ತುಂಬಿಸಿ ಮುಚ್ಚತಕ್ಕದ್ದು." ಆ ಕತ್ತಲೆಯಲ್ಲಿ ನಿಂತು ಅದನ್ನು ಮನಸ್ಸಿನಲ್ಲಿ ಓದಿದೆ. ಅಳು ತಡೆಯಲಾಗಲಿಲ್ಲ. ಅದು ನಿಲ್ಲುವ ತನಕ ಬಟ್ಯಣ್ಣ ಟಾರ್ಚು ಹೊತ್ತಿಸಲಿಲ್ಲ.

ನನ್ನ ಆಫೀಸಿನಲ್ಲಿ ಓದಿದಾಗ ಆ ವಾಕ್ಯ ಒಂದು ಮಗುವನ್ನು ಎತ್ತಿಕೊಳ್ಳುತ್ತಿತ್ತು. ಅಲ್ಲಿ ನಿಂತು ಓದಿದರೆ ಅದೇ ವಾಕ್ಯ ಈ ಸೀಳಿನ ಮೇಲೆ ಮಣ್ಣು ಸುರಿಯುತ್ತದೆ. ಒಂದು ಅಕ್ಷರವೂ ಬೇರೆಯಲ್ಲ. ಎಂಟು ವರ್ಷದಿಂದ ನಿಯಮ ಬರೆಯುತ್ತಿದ್ದೇನೆ, ಇದು ನನಗೆ ಗೊತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಬಟ್ಯಣ್ಣ ನನ್ನ ಹತ್ತಿರ ಹೇಳಿದ್ದು ನಿಮಗೆ ಕೇಳಿಸಿರಲಿಕ್ಕಿಲ್ಲ. "ನನ್ನ ನೀರಿಗಾಗಿ ನಿಮ್ಮ ಕಾನೂನು ಸಡಿಲ ಮಾಡಬೇಡಿ. ಮಗುವೂ ಬೀಳಬಾರದು. ಎರಡೂ ಆಗುವ ಹಾಗೆ ಬರೆಯಲಿಕ್ಕೆ ಆಗ್ತದಾ?" ಆಗ್ತದೆ ಅಂದೆ. ಆಗ್ತದೋ ಇಲ್ಲವೋ ನನಗೆ ಆಗ ಗೊತ್ತಿರಲಿಲ್ಲ.

ಅವರು ಕೊಟ್ಟ ಬಾಟಲಿಯ ನೀರಿನಿಂದ ಹೊತ್ತು ಮುಳುಗಿದ ಮೇಲೆ ಕಾಸರಗೋಡು ಸ್ಟೇಷನ್ನಿನಲ್ಲಿ ನೋಂಬು ಬಿಟ್ಟೆ. ರೈಲಿನಲ್ಲಿ ಕೂತು ಬರೆಯಲು ಶುರು ಮಾಡಿದೆ. ಆದೇಶವನ್ನು ಹೇಗೆ ಓದಬೇಕು ಎಂಬ ವಿವರಣೆಯ ಟಿಪ್ಪಣಿ ಇವತ್ತು ಮೇಲಿನವರ ಮೇಜಿನಲ್ಲಿ ಇಟ್ಟಿದ್ದೇನೆ. ಬರೆದ ನೀನೇ ಬೇರೆ ಅರ್ಥ ಹೇಳುವುದಾ ಅಂತ ನಕ್ಕರು. ಸಹಿ ಹಾಕಲಿಲ್ಲ. ಇನ್ನು ಎಂಟು ದಿನ ಉಂಟು. ದಿನಾ ಅವರ ಬಾಗಿಲಲ್ಲಿ ನಿಲ್ಲುತ್ತೇನೆ.

ನಿಮ್ಮ ರಿಝ್ವಾನಾ


ಮುಳ್ಳೇರಿಯ
26 ಮಾರ್ಚ್ 2025

ಪ್ರೀತಿಯ ರಿಝ್ವಾನಾ,

ಹದಿನೇಳರ ಪತ್ರದ ಮೇಲೆ ನಿನ್ನಿಂದ ಒಂದು ಅಕ್ಷರ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಗುಡ್ಡ ಕೊಟ್ಟ ನೀರನ್ನು ನಿಮ್ಮ ಮೇಲಿನವರು ಕೊಡಲಿಕ್ಕಿಲ್ಲ ಅಂತಲೇ ತಿಳಿದೆ. ಮೊನ್ನೆ ಸಂಜೆ ಏಳು ಮನೆಯವರೂ ಇದ್ದ ಬಿಂದಿಗೆ, ಬಕೆಟು, ಅನ್ನದ ಪಾತ್ರೆ ಎಲ್ಲದರಲ್ಲೂ ನೀರು ತುಂಬಿಸಿ ಇಟ್ಟರು.

ನಿನ್ನೆ ಹತ್ತು ಗಂಟೆಗೆ ಜೆಸಿಬಿ ಬಂತು. ಹಿಂದೆ ಬೈಕಿನಲ್ಲಿ ಪಂಚಾಯತಿನ ಓವರ್‌ಸಿಯರ್ ಕೇಶವಪ್ರಸಾದ. ನಾನು ಸುರಂಗದ ಬಾಯಿಗೆ ಅಡ್ಡ ಕುರ್ಚಿ ಹಾಕಿ ಕೂತಿದ್ದೆ, ಜಪಸರ ಕೈಯಲ್ಲಿ. ಎಂತ ಮಾಡ್ತಾರೆ ನೋಡುವಾ ಅಂತ. ಬಟ್ಯಣ್ಣ ಪಕ್ಕದಲ್ಲಿ ನಿಂತಿದ್ದ. ನೀನು ಹೋದ ಮೇಲೆ ಒಂದು ವಾರ ಅವನು ಕಲ್ಲು ಮುಟ್ಟಲಿಲ್ಲ, ಹಲಸಿನ ಹಲಗೆಯಲ್ಲಿ ಒಂದು ಬಾಗಿಲು ಮಾಡುತ್ತಾ ಕೂತ. ಯಾರು ಹೇಳಿದರು ಅಂತ ಕೇಳಿದರೆ "ಅವರು ಆಗ್ತದೆ ಅಂದಿದ್ದಾರೆ" ಅಂತ ಮಾತ್ರ. ನಿನ್ನ ಆ ಒಂದು ಮಾತಿನ ಮೇಲೆ!

ಕೇಶವಪ್ರಸಾದ ಬೈಕು ನಿಲ್ಲಿಸಿ ಚೀಲದಿಂದ ಒಂದು ಕಾಗದ ತೆಗೆದ. ಬೆಳಿಗ್ಗೆ ಮೇಲಿನಿಂದ ಬಂದದ್ದು, ಸ್ಥಳದಲ್ಲಿಯೇ ಓದಿ ಹೇಳಬೇಕು ಅಂತ ಅದರಲ್ಲೇ ಉಂಟು ಅಂದ. ಮಲಯಾಳ ಒಂದು ಪುಟ, ಕನ್ನಡ ಒಂದು ಪುಟ. ಜೆಸಿಬಿಯ ಸದ್ದಿನ ಮೇಲೆ ಕೂಗಿ ಕನ್ನಡದ್ದು ಓದಿದ. ಅವನ ತುಟಿ ನೋಡುತ್ತಾ ಕೇಳಿದೆ. ಆಮೇಲೆ ಕಾಗದ ಕಿತ್ತುಕೊಂಡು ನಾನೂ ಓದಿ, ಈಗ ನಿನಗೇ ಬರೆದು ತೋರಿಸ್ತೇನೆ, ತಪ್ಪಿದ್ದರೆ ತಿದ್ದು:

"ಮಕ್ಕಳ ಜೀವ ಉಳಿಸುವುದು ಸದರಿ ಆದೇಶದ ಉದ್ದೇಶ. ಅದನ್ನು ಆ ಉದ್ದೇಶದ ಬೆಳಕಿನಲ್ಲಿಯೇ ಓದತಕ್ಕದ್ದು. ನೀರು ತಾನಾಗಿ ಹರಿದು ಬರುವ, ಒಂದು ಮನೆಯವರಾದರೂ ಬಳಸುವ ಸುರಂಗವು ಉಪಯೋಗದಲ್ಲಿರುವುದಾಗಿದೆ. ಮಕ್ಕಳು ತೆರೆಯಲಾಗದ ಬಾಗಿಲನ್ನು ಅದಕ್ಕೆ ಇಡಿಸತಕ್ಕದ್ದು. ಉಪಯೋಗವಿಲ್ಲದ್ದೆಂದು ಯಾವ ಅಧಿಕಾರಿಯೂ, ಅಲ್ಲಿಯ ಬಳಕೆದಾರರೊಂದಿಗೆ ಒಳಗೆ ಹೋಗಿ ನೋಡದೆ, ಬರೆಯತಕ್ಕದ್ದಲ್ಲ."

ಬಟ್ಯಣ್ಣ ಇನ್ನೊಮ್ಮೆ ಓದಿಸಿದ. ಕೇಶವಪ್ರಸಾದ ಪುನಃ ಓದಿದ. ಬಾಗಿಲಿನ ಜಾಗ ಬಂದಾಗ ಬಟ್ಯಣ್ಣ ತನ್ನ ಹಲಸಿನ ಹಲಗೆಯ ಮೇಲೆ ಕೈ ಇಟ್ಟು "ತಂಗಿ" ಅಂದ. ಅವನು ಹೇಳಿದ್ದು ಅಷ್ಟೆ.

ಒಳಗೆ ಹೋಗಲಿಕ್ಕೆ ಕೇಶವಪ್ರಸಾದನಿಗೆ ಮನಸ್ಸಿರಲಿಲ್ಲ, ಪ್ಯಾಂಟು ಹೊಸತು. ಆದರೆ ಕಾನೂನು! ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಬಟ್ಯಣ್ಣನ ಹಿಂದೆ ಬಗ್ಗಿ ಹೋದ. ಮುಕ್ಕಾಲು ಗಂಟೆ. ಹೊರಗೆ ಬಂದವನೇ ಜೆಸಿಬಿಯವನಿಗೆ ಕೈಸನ್ನೆ ಮಾಡಿ ಹೋಗಲು ಹೇಳಿದ. ಆಮೇಲೆ ಸರ್ವೆಯ ನಮೂನೆ ತೆಗೆದು, "ನೀರು ಎತ್ತುವ ವಿಧಾನ ಎಂತ ಬರೆಯಲಿ ಅಜ್ಜಾ?" ಅಂತ ಬಟ್ಯಣ್ಣನನ್ನು ಕೇಳಿದ. ಬಟ್ಯಣ್ಣ ಸ್ವಲ್ಪ ಯೋಚಿಸಿ, "ಗುಡ್ಡ ಕೊಡ್ತದೆ ಅಂತ ಬರೆಯಿರಿ" ಅಂದ. ಆ ಹುಡುಗ ಮೂರು ಚೌಕದ ಕೆಳಗೆ ಹಾಗೆಯೇ ಬರೆದು ಸಹಿ ಹಾಕಿದ, ನನ್ನ ಕಣ್ಣೆದುರಿಗೆ.

ಒಂದು ವಿಷಯ ಇನ್ನೂ ಹೇಳಲಿಲ್ಲ. ನಾಚಿಕೆಯಾಗ್ತದೆ. ಮೂವತ್ತೆಂಟು ವರ್ಷ ನಾನು ತರಗತಿಯ ಒಳಗೆ ಹೋದಾಗ ನೀವೆಲ್ಲ ಎದ್ದು ನಿಂತಿರಿ. ನಿನ್ನೆ ಅವನು ಆ ಕಾಗದ ಎರಡನೇ ಸಲ ಓದಲು ಶುರು ಮಾಡಿದಾಗ, ನನಗೇ ಗೊತ್ತಿಲ್ಲದ ಹಾಗೆ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಮೊಣಕಾಲು ಬೇಡ ಬೇಡ ಅಂತಿತ್ತು. ಕೂತುಕೊಳ್ಳಿ ಅಂತ ಹೇಳಲಿಕ್ಕೆ ನೀನು ಅಲ್ಲಿ ಇರಲಿಲ್ಲ. ಹಾಗಾಗಿ ಅವನು ಓದಿ ಮುಗಿಸುವವರೆಗೆ ನಿಂತೇ ಇದ್ದೆ, ಮಗೂ.

ಜೋಸ್ಫಿನ್